ಏರದ ಗೆರೆ

ಜನವರಿ ೧೧

ಅಪ್ಪಾ,

ಎರಡು ವರ್ಷದ ನಂತರ ಬರೆಯುತ್ತಿದ್ದೇನೆ. ಫೋನ್ ಎತ್ತುವುದಿಲ್ಲ ಎಂಬ ನಿನ್ನ ವ್ರತ ಇನ್ನೂ ಮುರಿದಿಲ್ಲ ಎಂದು ಅಮ್ಮ ಹೇಳಿದಳು, ಹಾಗಾಗಿ ಪೆನ್ನು ಹಿಡಿದಿದ್ದೇನೆ. ಅರಿವಳಿಕೆ ವಿಭಾಗವನ್ನೇ ಸೇರುತ್ತೇನೆ ಎಂದು ನಾನು ಹೇಳಿದ ದಿನ ನೀನು ಊಟದ ತಟ್ಟೆ ಬಿಟ್ಟು ಎದ್ದು ಹೋಗಿದ್ದೆ. ನೀನೂ ಮಾಡುತ್ತಿದ್ದ ಅದೇ ಕೆಲಸವನ್ನು ಯಾಕೆ ಬಿಟ್ಟೆ, ನರ್ಸಿಂಗ್ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕದ ಧೂಳು ಒರೆಸುತ್ತ ಯಾಕೆ ಕೂತೆ ಎಂದು ಕೇಳಿದರೆ ಮಾತ್ರ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಇರಲಿ, ಜಗಳ ಮುಂದುವರಿಸಲು ಬರೆಯುತ್ತಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕಿದೆ.

ಮುಂದಿನ ತಿಂಗಳು ಜೂನಿಯರ್‌ಗಳಿಗೆ ಪಾಠ ಮಾಡುವ ಸರದಿ ನನ್ನದು. ಲ್ಯಾಪರೋಸ್ಕೋಪಿ ಮಾಡುವಾಗ ಹೊಟ್ಟೆಗೆ ತುಂಬುವ ಅನಿಲಗಳು, ಅವಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದು ವಿಷಯ. ಈ ಪತ್ರವನ್ನು ನಿನಗಿಂತ ಮೊದಲು ಅಮ್ಮ ಒಡೆದು ಓದುತ್ತಾಳೆಂದು ನನಗೆ ಗೊತ್ತು, ಆದ್ದರಿಂದ ಅವಳಿಗೂ ತಿಳಿಯುವ ಹಾಗೆ ಬರೆಯುತ್ತೇನೆ. ಪಾಠದ ತಾಲೀಮೂ ಆದೀತು.

ಅಮ್ಮಾ, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಆಪರೇಷನ್ ಮಾಡಬೇಕಾದರೆ ಒಳಗೆ ಜಾಗ ಬೇಕು. ಅದಕ್ಕೆ ಹೊಟ್ಟೆಯನ್ನು ಅನಿಲ ತುಂಬಿ ಉಬ್ಬಿಸುತ್ತೇವೆ. ಸಾಮಾನ್ಯವಾಗಿ ಇಂಗಾಲದ ಡೈಆಕ್ಸೈಡ್. ನಾವು ದಿನಾ ಉಸಿರಲ್ಲಿ ಹೊರಗೆ ಬಿಡುವುದೂ ಅದನ್ನೇ, ಆದ್ದರಿಂದ ಅದು ದೇಹಕ್ಕೆ ಗುರುತಿನ ಆಸಾಮಿ. ಹೊಟ್ಟೆಯ ಪೊರೆಯಿಂದ ರಕ್ತಕ್ಕೆ ಇಳಿದು, ಶ್ವಾಸಕೋಶಕ್ಕೆ ಬಂದು, ಮೂಗಿನಿಂದ ಹೋಗಿಬಿಡುತ್ತದೆ. ಹೋಗುವ ಮುಂಚೆ ಸ್ವಲ್ಪ ಕಾಟ ಕೊಡುತ್ತದೆ: ರಕ್ತಕ್ಕೆ ಹುಳಿ ಏರುತ್ತದೆ, ಎದೆಬಡಿತ ಜೋರಾಗುತ್ತದೆ. ಆಪರೇಷನ್ ಆದದ್ದು ಹೊಟ್ಟೆಗೆ, ನೋಯುವುದು ಭುಜ, ಯಾಕೆ ಡಾಕ್ಟ್ರೇ ಎಂದು ರೋಗಿಗಳು ಮಾರನೆಯ ದಿನ ಕೇಳುವುದೂ ಇದರ ಕಿತಾಪತಿಯಿಂದಲೇ. ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್, ತುಂಬಿದರೆ ನೋವು ಕಡಿಮೆ, ಆದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹೀಲಿಯಂ ಬಹಳ ಸಾಧು. ರಕ್ತವನ್ನು ಹುಳಿ ಮಾಡುವುದಿಲ್ಲ, ಎದೆಯನ್ನು ಓಡಿಸುವುದಿಲ್ಲ. ಆದರೆ ಅದು ರಕ್ತದಲ್ಲಿ ಕರಗುವುದೂ ಇಲ್ಲ. ಅಪ್ಪಿತಪ್ಪಿ ಒಂದು ಗುಳ್ಳೆ ರಕ್ತನಾಳಕ್ಕೆ ನುಗ್ಗಿದರೆ ಹೃದಯದಲ್ಲಿ ಹೋಗಿ ಕೂತುಬಿಡುತ್ತದೆ, ಎದ್ದೇಳುವುದಿಲ್ಲ.

ಅಪ್ಪಾ, ನಿನ್ನ ಕಾಲದಲ್ಲಿ ಐದೈದು ನಿಮಿಷಕ್ಕೊಮ್ಮೆ ಕೈಯಲ್ಲೇ ಅಂಕಿ ಬರೆದು ಗೆರೆ ಎಳೆಯುತ್ತಿದ್ದ ಚಾರ್ಟ್ ಇತ್ತಲ್ಲ, ಅಂಥದೊಂದು ಬೇಕು. ಈಗಿನ ಮಕ್ಕಳಿಗೆ ಎಲ್ಲವನ್ನೂ ಯಂತ್ರವೇ ಬರೆದುಕೊಡುತ್ತದೆ. ನಿನ್ನ ಟ್ರಂಕಿನಲ್ಲಿ ಒಂದಾದರೂ ಇರುತ್ತದೆ. ಕಳಿಸು.

ನಿನ್ನ ಮಗಳು,
ಗುಬ್ಬಿ

(ಐದಡಿ ಏಳಿಂಚು ಬೆಳೆದವಳನ್ನು ಗುಬ್ಬಿ ಎಂದು ಕರೆಯುವವರು ಲೋಕದಲ್ಲಿ ನೀವಿಬ್ಬರೇ. ಯಾಕೆ ಎಂದೂ ಹೇಳಿಲ್ಲ.)

---

ಜನವರಿ ೨೬

ಗುಬ್ಬಿಗೆ,

ನಿನ್ನ ಪತ್ರವನ್ನು ನಿನ್ನಮ್ಮ ಎರಡು ಸಲ ಓದಿ ಆಮೇಲೆ ನನಗೆ ಕೊಟ್ಟಳು. ಭುಜನೋವಿನ ವಿಷಯವನ್ನು ಪಕ್ಕದ ಮನೆಯವರಿಗೆ ವಿವರಿಸಿಯೂ ಆಯಿತು.

ಒಂದು ತಿದ್ದುಪಡಿ. ನಗೆ ಅನಿಲ ತಾನಾಗಿ ಉರಿಯುವುದಿಲ್ಲ, ಉರಿಯುವುದಕ್ಕೆ ಕುಮ್ಮಕ್ಕು ಕೊಡುತ್ತದೆ. ಪಾಠದಲ್ಲಿ ಸರಿಯಾಗಿ ಹೇಳು.

ಚಾರ್ಟ್ ಕಳಿಸಿದ್ದೇನೆ. ನನ್ನ ಬಳಿ ಇರುವುದು ಅದೊಂದೇ. ಉಳಿದವನ್ನೆಲ್ಲ ಆಸ್ಪತ್ರೆಯಲ್ಲೇ ಬಿಟ್ಟು ಬಂದೆ. ಇದರ ಕಾರ್ಬನ್ ಪ್ರತಿಯನ್ನು ವಿಚಾರಣಾ ಸಮಿತಿ ನನಗೆ ಕೊಟ್ಟಿತ್ತು. ನಿನಗೆ ತೋರಿಸಬಾರದೆಂದು ಇಪ್ಪತ್ತೆರಡು ವರ್ಷ ಟ್ರಂಕಿನ ತಳದಲ್ಲಿಟ್ಟಿದ್ದೆ. ನೀನೇ ಕೇಳಿದ್ದೀಯ, ನೀನೂ ಈಗ ಅದೇ ಕೆಲಸದವಳು, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೆಣ್ಣುಮಗಳು, ಮೂವತ್ತೆಂಟು ವರ್ಷ. ಪಿತ್ತಕೋಶದಲ್ಲಿ ಕಲ್ಲು. ಬೇರೆ ಯಾವ ಕಾಯಿಲೆಯೂ ಇಲ್ಲ. ಗಂಡ ಅಂಗಡಿಗಳಿಗೆ ಬೋರ್ಡ್ ಬರೆಯುವವರು. ನಮ್ಮ ಆಸ್ಪತ್ರೆಯ ಬಾಗಿಲುಗಳ ಮೇಲಿನ ಅಕ್ಷರಗಳೂ ಅವರದೇ. ಹೊಟ್ಟೆಗೆ ಅನಿಲ ತುಂಬಿ ಮೂವತ್ತೈದು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನ ಅಂಕಿ ಒಮ್ಮೆಲೇ ಕುಸಿಯಿತು. ಶ್ವಾಸನಾಳಕ್ಕೆ ಇಳಿಸಿದ್ದ ಕೊಳವೆ ಜಾರಿತೋ ಎಂದು ಕಿತ್ತು ಮತ್ತೆ ಹಾಕಿದೆ. ಪ್ರಯೋಜನವಾಗಲಿಲ್ಲ. ಐವತ್ತು ನಿಮಿಷ ಎದೆ ಒತ್ತಿದೆವು.

ಕೊಳವೆ ಜಾರಿದ್ದನ್ನು ಅರಿವಳಿಕೆ ವೈದ್ಯ ತಡವಾಗಿ ಗಮನಿಸಿದ ಎಂದು ಸಮಿತಿ ಬರೆಯಿತು. ಇನ್ನು ಮುಂದೆ ಯಾರಿಗೂ ಅರಿವಳಿಕೆ ಕೊಡಕೂಡದು ಎಂದಿತು. ನಾನು ವಾದಿಸಲಿಲ್ಲ. ನೋಡುತ್ತ ಕೂತಿರುವುದೇ ನಮ್ಮ ಕೆಲಸ, ನೋಡಲಿಲ್ಲವೆಂದರೆ ಇನ್ನೇನು ಉಳಿಯಿತು? ಅವರನ್ನು ಕೊಂದವನು ನಾನು. ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದು ಅವರ ಗಂಡನ ಮುಖ ನೋಡಿದವನೂ ನಾನೇ. ಅದಕ್ಕೇ ನಿನಗೆ ಬೇಡವೆಂದದ್ದು.

ನಿನ್ನ ಜೂನಿಯರ್‌ಗಳಿಗೆ ಬೇಕಾದರೆ ಇದನ್ನು ತೋರಿಸು. ನನ್ನ ಹೆಸರಿನ ಮೇಲೆ ಕಾಗದ ಅಂಟಿಸು.

ಅಪ್ಪ

---

ಫೆಬ್ರವರಿ ೩

ಅಪ್ಪಾ,

ನಿನ್ನ ಪತ್ರವನ್ನು ಹಾಸ್ಟೆಲ್ ಮೆಟ್ಟಿಲ ಮೇಲೆ ನಿಂತು ಒಡೆದೆ. ಓದುತ್ತ ಅಲ್ಲೇ ಕೂತುಬಿಟ್ಟೆ. ಹತ್ತುವವರು ಇಳಿಯುವವರು ನನ್ನನ್ನು ದಾಟಿಕೊಂಡು ಹೋದರು. ಇಪ್ಪತ್ತೆರಡು ವರ್ಷ, ಅಪ್ಪಾ. ನಾನು ನಿನ್ನನ್ನು ಪುಕ್ಕಲ ಎಂದುಕೊಂಡಿದ್ದೆ. ಆಪರೇಷನ್ ಥಿಯೇಟರಿನ ಒತ್ತಡ ತಡೆಯದೆ ಓಡಿಬಂದವನು ಎಂದು ಗೆಳತಿಯರ ಹತ್ತಿರ ಹೇಳಿಕೊಂಡೂ ಇದ್ದೆ. ಅದಕ್ಕೆ ಈಗ ಹೇಗೆ ಕ್ಷಮೆ ಕೇಳುವುದೋ ತಿಳಿಯುತ್ತಿಲ್ಲ.

ಆದರೆ ಇದು ಅದನ್ನು ಬರೆಯುವ ಪತ್ರ ಅಲ್ಲ. ಚಾರ್ಟ್ ತೆಗೆದು ನಿನ್ನ ಮುಂದೆ ಇಟ್ಟುಕೋ. ನನ್ನ ಹತ್ತಿರವೇ ಇದೆಯಲ್ಲ, ಮರೆತೆ. ನಿನಗದು ಬಾಯಿಪಾಠ ಇರುತ್ತದೆ.

ಅನಿಲ ತುಂಬಿದ ಮೇಲೆ ರೋಗಿಯ ಉಸಿರಿನಲ್ಲಿ ಹೊರಬಂದ ಇಂಗಾಲದ ಡೈಆಕ್ಸೈಡಿನ ಅಂಕಿಗಳನ್ನು ನೀನು ಬರೆದಿದ್ದೀಯ. ಮೂವತ್ತನಾಲ್ಕು, ಮೂವತ್ತನಾಲ್ಕು, ಮೂವತ್ಮೂರು, ಮೂವತ್ತನಾಲ್ಕು, ಮೂವತ್ತನಾಲ್ಕು, ಮೂವತ್ಮೂರು, ಮೂವತ್ಮೂರು. ಆಮೇಲೆ ಹನ್ನೆರಡು. ಆಮೇಲೆ ಐದು. ಎಲ್ಲರೂ ಆ ಹನ್ನೆರಡು ಮತ್ತು ಐದನ್ನೇ ನೋಡಿದಿರಿ. ಸಮಿತಿಯೂ ಅವನ್ನೇ ನೋಡಿತು. ನೀನೂ ಇಷ್ಟು ವರ್ಷ ಅವನ್ನೇ ನೋಡುತ್ತ ಬಂದೆ. ಅದರ ಹಿಂದಿನ ಏಳನ್ನು ಯಾರೂ ನೋಡಲಿಲ್ಲ.

ಅಮ್ಮಾ, ನೀನೂ ಓದು. ಹೊಟ್ಟೆಗೆ ಆ ಅನಿಲ ತುಂಬಿದ ಮೇಲೆ ಅದು ರಕ್ತಕ್ಕಿಳಿದು ಉಸಿರಲ್ಲಿ ಹೊರಗೆ ಬರುತ್ತದೆ ಎಂದೆನಲ್ಲ? ಹಾಗಾದರೆ ಉಸಿರಿನ ಅಂಕಿ ಏರಬೇಕು. ಕಾಲು ಗಂಟೆಯೊಳಗೆ ನಲವತ್ತರ ಆಸುಪಾಸಿಗೆ ಹೋಗಬೇಕು. ನಾನು ಇನ್ನೂರಕ್ಕೂ ಹೆಚ್ಚು ಇಂಥ ಕೇಸುಗಳಲ್ಲಿ ಕೂತಿದ್ದೇನೆ, ಏರದೆ ಇದ್ದದ್ದನ್ನು ಕಂಡಿಲ್ಲ. ಏರಿದ್ದನ್ನು ಇಳಿಸಲು ಉಸಿರಿನ ಯಂತ್ರವನ್ನು ಜೋರು ಮಾಡುತ್ತೇವೆ. ಅಪ್ಪ ಜೋರು ಮಾಡಿಲ್ಲ. ಯಂತ್ರದ ಅಂಕಿಗಳೂ ಚಾರ್ಟಿನಲ್ಲಿವೆ, ಶುರುವಿನಿಂದ ಕೊನೆವರೆಗೆ ಒಂದೇ.

ಮೂವತ್ತೈದು ನಿಮಿಷ ಆ ಗೆರೆ ಒಂದು ಕೂದಲಿನಷ್ಟೂ ಏರಿಲ್ಲ, ಅಪ್ಪಾ. ಅಂದರೆ ಆಕೆಯ ಹೊಟ್ಟೆಯಲ್ಲಿದ್ದದ್ದು ಇಂಗಾಲದ ಡೈಆಕ್ಸೈಡೇ ಅಲ್ಲ. ಬೇರೆ ಯಾವುದೋ. ರಕ್ತದಲ್ಲಿ ಕರಗದ ಯಾವುದೋ. ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವಾಗ ಸಣ್ಣ ರಕ್ತನಾಳವೊಂದು ತೆರೆದಿರಬೇಕು, ಗುಳ್ಳೆ ಒಳಗೆ ಹೋಗಿದೆ. ಹೃದಯದಲ್ಲಿ ಕೂತಿದೆ. ರಕ್ತ ಶ್ವಾಸಕೋಶಕ್ಕೆ ಹೋಗದಿದ್ದರೆ ಉಸಿರಿನ ಅಂಕಿ ಕುಸಿಯದೆ ಏನು ಮಾಡೀತು? ಕೊಳವೆ ಜಾರಿರಲೇ ಇಲ್ಲ.

ನನ್ನ ಪ್ರೊಫೆಸರ್‌ಗೆ ಹೆಸರು ಮುಚ್ಚಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಇದು ಯಾವ ಗ್ಯಾಸು?" ಅಂತ ಕೇಳಿದರು, ಅಷ್ಟೇ.

ನಿಮ್ಮ ಥಿಯೇಟರಿನಲ್ಲಿ ಬೇರೆ ಯಾವ ಸಿಲಿಂಡರ್ ಇತ್ತು? ಯಾರು ಜೋಡಿಸಿದರು? ನೆನಪು ಮಾಡಿಕೊಂಡು ಬರೆ. ನೀನು ಕೊಂದಿಲ್ಲ, ಅಪ್ಪಾ. ಇದನ್ನು ನಾನು ರುಜುವಾತು ಮಾಡಿಯೇ ತೀರುತ್ತೇನೆ.

ಗುಬ್ಬಿ

---

ಫೆಬ್ರವರಿ ೧೦

ಗುಬ್ಬಿಗೆ,

ನಿನ್ನ ಪತ್ರ ಬಂದ ದಿನ ಗ್ರಂಥಾಲಯಕ್ಕೆ ಹೋಗಲಿಲ್ಲ. ಆ ಏಳು ಅಂಕಿಗಳನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿ ನೋಡುತ್ತ ಕೂತೆ. ನಿನ್ನಮ್ಮ ಹಾಲಿನ ಲೆಕ್ಕವೋ ಎಂದು ಕೇಳಿದಳು.

ನಿಜ ಹೇಳುತ್ತೇನೆ. ಉಸಿರಿನ ಅಂಕಿ ತೋರಿಸುವ ಯಂತ್ರ ನಮ್ಮಲ್ಲಿಗೆ ಬಂದು ಆಗ ಮೂರು ತಿಂಗಳಾಗಿತ್ತು. ಲ್ಯಾಪರೋಸ್ಕೋಪಿಯೂ ಹೊಸದು, ನಾನು ಕೂತದ್ದು ಒಂಬತ್ತೋ ಹತ್ತೋ. ಆ ಗೆರೆ ಮೇಜಿನಂತೆ ಸಮನಾಗಿ ನಿಂತದ್ದು ಕಂಡು ನನಗೆ ಹೆಮ್ಮೆಯಾಗಿತ್ತು. ನೋಡಿ, ನನ್ನ ರೋಗಿ ಅಲುಗಾಡುತ್ತಿಲ್ಲ ಎಂದು ಸರ್ಜನ್‌ಗೆ ಹೇಳಿದ್ದೆ. ಅಂದರೆ ಆಕೆ ಸಾಯುವುದಕ್ಕೆ ಎಲ್ಲ ಸಿದ್ಧವಾಗುತ್ತಿದ್ದ ಅರ್ಧ ಗಂಟೆ ನಾನು ಬೀಗುತ್ತ ಕೂತಿದ್ದೆ.

ಇನ್ನೊಂದು ನೆನಪಾಯಿತು. ಹೊಟ್ಟೆಗೆ ತೂರಿಸಿದ ಕೊಳವೆಯ ಅಂಚಿನಿಂದ ಅನಿಲ ಸ್ವಲ್ಪ ಸೋರುವುದು, ಸೋರುವಾಗ ಸಣ್ಣ ಶಿಳ್ಳೆ ಕೇಳುವುದು ಮಾಮೂಲು. ಅವತ್ತು ಥಿಯೇಟರಿನ ಸಿಸ್ಟರ್ ನಕ್ಕು, "ಇವತ್ತೇನು ಶಿಳ್ಳೆ ಮಗು ಥರ ಕೀರಲಾಗಿದೆ," ಎಂದಿದ್ದರು. ನಾವೆಲ್ಲ ನಕ್ಕಿದ್ದೆವು.

ಸಿಲಿಂಡರ್‌ಗಳ ಬಣ್ಣ ನಮಗೆ ಕಾಣುತ್ತಿರಲಿಲ್ಲ. ತುಕ್ಕಿನ ಹುಡಿ ಉದುರುತ್ತದೆಂದು ನಮ್ಮ ಹಿರಿಯ ಮೇಟ್ರನ್ ಥಿಯೇಟರಿನ ಸಿಲಿಂಡರ್‌ಗಳಿಗೆಲ್ಲ ಹಸಿರು ಬಟ್ಟೆಯ ಅಂಗಿ ಹೊಲಿಸಿದ್ದರು. ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ. ಬೇರೆ ಆಸ್ಪತ್ರೆಯವರು ಬಂದು ನೋಡಿ ಮೆಚ್ಚಿಕೊಂಡು ಹೋಗುತ್ತಿದ್ದರು. ಆದರೂ ತಪ್ಪು ಸಿಲಿಂಡರ್ ಬರಲು ಸಾಧ್ಯವಿರಲಿಲ್ಲ. ಒಂದೊಂದು ಅನಿಲದ ಬಾಯಿಗೂ ಬೇರೆ ಬೇರೆ ತೂತು, ಬೇರೆ ಬೇರೆ ಮೊಳೆ. ಅದಕ್ಕೆ ಇದು ಕೂರುವುದಿಲ್ಲ. ಜೋಡಿಸುವ ಕೆಲಸ ನೋಡಿಕೊಳ್ಳುತ್ತಿದ್ದವನು ನಮ್ಮ ಫಿಟ್ಟರ್. ಏನು ಮುರಿದರೂ ಹಿತ್ತಾಳೆಯಲ್ಲಿ ಕಡೆದು ಕೊಡುತ್ತಿದ್ದುದರಿಂದ ಎಲ್ಲರಿಗೂ ಅವನು ಹಿತ್ತಾಳೆ ಮಾಮ. ಕೂತರೆ ನಮ್ಮದು, ಕೂರದಿದ್ದರೆ ನಮ್ಮದಲ್ಲ ಎಂದು ಎಲ್ಲರಿಗೂ ಕಲಿಸಿದವನೇ ಅವನು.

ಥಿಯೇಟರಿನಲ್ಲಿದ್ದದ್ದು ಆಮ್ಲಜನಕ, ನಗೆ ಅನಿಲ, ಇಂಗಾಲದ್ದು. ರಕ್ತದಲ್ಲಿ ಸುಲಭವಾಗಿ ಕರಗದ ಆರ್ಗಾನ್ ಅನಿಲವನ್ನು ನಾವು ಕಣ್ಣಲ್ಲೂ ಕಂಡಿರಲಿಲ್ಲ. ಹೃದಯ ವಿಭಾಗದ ಯಂತ್ರಕ್ಕೆಂದು ಹೀಲಿಯಂ ಎರಡು ಬಂದಿದ್ದವು. ಆದರೆ ಅದರ ಬಾಯಿ ನಮ್ಮ ಯಾವುದಕ್ಕೂ ಕೂರುವುದೇ ಇಲ್ಲ, ಯಾಕೆಂದರೆ

ಇಲ್ಲಿಗೆ ನಿಲ್ಲಿಸುತ್ತೇನೆ. ತಲೆ ನೋಯುತ್ತಿದೆ.

ಇದನ್ನು ಇನ್ನು ಕೆದಕಬೇಡ. ನಿನ್ನ ಪಾಠಕ್ಕೆ ಬೇರೆ ಚಾರ್ಟ್ ಹುಡುಕಿಕೋ. ಹಿತ್ತಾಳೆ ಮಾಮನ ಹತ್ತಿರ ಹೋಗಬೇಡ. ವಯಸ್ಸಾಗಿದೆ, ಅವನಿಗೇನೂ ನೆನಪಿರುವುದಿಲ್ಲ.

ಅಪ್ಪ

---

ಮಾರ್ಚ್ ೨

ಅಪ್ಪಾ,

ಹೋಗಬೇಡ ಎಂದರೆ ನಾನು ಹೋಗುತ್ತೇನೆಂದು ನಿನಗೆ ಗೊತ್ತಿರಬೇಕಿತ್ತು. ಹೋಗಿದ್ದೆ. ಹೋಗಬಾರದಿತ್ತು.

ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದು ಕೋಣೆ, ಮಗನ ಮನೆ. ಕಿಟಕಿಯ ಕೆಳಗೆ ಕೆಲಸದ ಬೆಂಚು ಇನ್ನೂ ಇದೆ. ಅರಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟಿದ್ದಾರೆ. ಯಾರೂ ಹೇಳದಿದ್ದರೂ ನನ್ನನ್ನು ಗುರುತು ಹಿಡಿದರು. ಬಾ ಗುಬ್ಬಿ ಎಂದರು. ನನಗೆ ಸೋಜಿಗವಾಯಿತು, ಆ ಹೆಸರು ಇವರಿಗೆ ಹೇಗೆ ಗೊತ್ತು ಎಂದು. ಕೇಳಲಿಲ್ಲ. ನಾನು ಬಂದದ್ದು ಜಗಳಕ್ಕೆ.

ಚಾರ್ಟ್ ಬಿಚ್ಚಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಎದ್ದು ಬೆಂಚಿನ ಕೆಳಗಿನಿಂದ ಒಂದು ಡಬ್ಬಿ ತೆಗೆದು, ಅದರೊಳಗಿಂದ ಎಣ್ಣೆಬಟ್ಟೆಯ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟರು. ಹಿತ್ತಾಳೆಯ ತುಂಡು, ಹೆಬ್ಬೆರಳಿನಷ್ಟಿದೆ. ಒಂದು ತುದಿ ಹೀಲಿಯಂ ಸಿಲಿಂಡರಿನ ಬಾಯಿಗೆ, ಇನ್ನೊಂದು ತುದಿ ಇಂಗಾಲದ ಅನಿಲದ ಜೋಡಣೆಗೆ. ಅಷ್ಟು ಚೆಂದದ ಕೆಲಸವನ್ನು ನಾನು ನೋಡಿಲ್ಲ.

ಅವತ್ತು ಥಿಯೇಟರಿನಲ್ಲಿ ಇಂಗಾಲದ ಸಿಲಿಂಡರ್ ಖಾಲಿಯಾಗಿತ್ತಂತೆ. ಅಟೆಂಡರ್ ಸ್ಟೋರಿನಿಂದ ಕೂಗಿ ಕೇಳಿದನಂತೆ, ಮೂಲೆಯಲ್ಲೊಂದು ಅಂಗಿ ತೊಟ್ಟು ನಿಂತಿದೆ, ಇದೇನಾ ಎಂದು. ಇವರು ವರ್ಕ್‌ಶಾಪಿನಿಂದಲೇ ಎಂದಿನ ಮಾತು ಹೇಳಿದರಂತೆ: ಕೂತರೆ ನಮ್ಮದು. ಕೂತಿತು. ಮಾರನೆಯ ದಿನ ಅಂಗಿ ಬಿಚ್ಚಿದಾಗ ಒಳಗೆ ಕಂದು ಬಣ್ಣದ ಹೀಲಿಯಂ ಸಿಲಿಂಡರ್, ಅದರ ಬಾಯಲ್ಲಿ ತಾವೇ ಕಡೆದ ಹಿತ್ತಾಳೆ.

ನಾನು ಕೂಗಾಡಿದೆ, ಅಪ್ಪಾ. ಗೊತ್ತಿದ್ದೂ ಸುಮ್ಮನಿದ್ದಿರಾ, ನಮ್ಮಪ್ಪನ ಬದುಕು ಹಾಳಾಗುವುದನ್ನು ನೋಡುತ್ತ ನಿಂತಿರಾ, ಇಂಥ ಕಳ್ಳ ಜೋಡಣೆ ಮಾಡು ಎಂದವರು ಯಾರು ಎಂದೆ. ಅಂಗಡಿಯಲ್ಲಿ ಟೈರು ಬಿಚ್ಚುತ್ತಿದ್ದ ಮಗ ಎದ್ದು ಬಂದ. ಮಾಮ ಅವನಿಗೆ ಹೋಗು ಎಂದು ಸನ್ನೆ ಮಾಡಿ, ನನ್ನ ಕಡೆ ತಿರುಗಿದರು.

"ಮಾಡ್ಸಿದ್ದು ನಿಮ್ಮಪ್ಪಾನೇ. ನಿನಗೋಸ್ಕರ."

ಆಮೇಲೆ ಅವರು ಹೇಳಿದ್ದೆಲ್ಲ ದೂರದಿಂದ ಕೇಳಿದ ಹಾಗಿತ್ತು. ನಾಲ್ಕು ವರ್ಷದ ಮಗುವಿಗೆ ಗಂಟಲು ಊದಿ ಉಸಿರು ಸಿಗದೆ ತುಟಿ ನೀಲಿಯಾಗಿದ್ದು. ಹೀಲಿಯಂ ಬೆರೆಸಿದ ಆಮ್ಲಜನಕ ಹಗುರ, ಇಕ್ಕಟ್ಟಾದ ಗಂಟಲಲ್ಲೂ ನುಸುಳುತ್ತದೆ ಎಂದು ನೀನು ಅವರ ಬೆಂಚಿನ ಮುಂದೆ ನಿಂತು ಹೇಳಿದ್ದು. ನಿನ್ನ ಅರಿವಳಿಕೆ ಯಂತ್ರದಲ್ಲಿ ಇಂಗಾಲದ ಜೋಡಣೆಯೊಂದು ಖಾಲಿ ಇದ್ದದ್ದು. ನಲವತ್ತು ನಿಮಿಷದಲ್ಲಿ ಅವರು ಇದನ್ನು ಕಡೆದದ್ದು. ಮುಖವಾಡ ಹಾಕಿದ ಮೇಲೆ ಮಗು ಅಮ್ಮಾ ಎಂದು ಅತ್ತಾಗ ಹೀಲಿಯಂನಿಂದಾಗಿ ದನಿ ಕೀರಲಾಗಿ ಗುಬ್ಬಿಯ ಹಾಗೆ ಕೇಳಿದ್ದು. ಅಲ್ಲಿದ್ದವರೆಲ್ಲ ಅಳುತ್ತಲೇ ನಕ್ಕದ್ದು.

ಇಷ್ಟು ವರ್ಷ ನಾನು ಅದೇ ಹೆಸರಿನಲ್ಲಿ ಸಹಿ ಮಾಡುತ್ತಿದ್ದೆ, ಅಪ್ಪಾ.

ಅದಾಗಿ ಆರು ತಿಂಗಳಿಗೆ ಆಕೆ ಸತ್ತದ್ದಂತೆ. ಮಾಮ ವಿಚಾರಣೆಯ ಕೋಣೆಯ ಹೊರಗೆ ಮೂರು ದಿನ ನಿಂತಿದ್ದರಂತೆ. ಕೊಳವೆ ಜಾರಿತು ಎಂದರೆ ಡಾಕ್ಟರ್ ತಪ್ಪಿದರು ಎನ್ನುತ್ತಾರೆ, ಯಾರನ್ನೂ ಕೇಳದೆ ಇಂಥದ್ದು ಮಾಡಿಸಿದ್ದರು ಎಂದು ಗೊತ್ತಾದರೆ ಜೈಲಿಗೆ ಹಾಕುತ್ತಾರೆ, ಇಬ್ಬರನ್ನೂ ಹಾಕುತ್ತಾರೆ ಎಂದು ಒಳಗೆ ಹೋಗಲಿಲ್ಲವಂತೆ. ನಿಜ ಎಷ್ಟು, ನೆಪ ಎಷ್ಟು ಎಂದು ಅವರಿಗೇ ಈಗ ಗೊತ್ತಿಲ್ಲವಂತೆ.

ನಿನ್ನ ಮೇಲಿನ ಕಳಂಕ ತೊಳೆಯಲು ಹೊರಟಿದ್ದೆ. ಈಗ ನನಗೆ ಸರಿಯಾಗಿ ಉಸಿರಾಡಲೂ ನಾಚಿಕೆಯಾಗುತ್ತಿದೆ. ಹಿತ್ತಾಳೆಯ ತುಂಡು ನನ್ನ ಕೋಟಿನ ಜೇಬಿನಲ್ಲಿದೆ. ಏನು ಮಾಡಲಿ?

ನಿನ್ನ ಮಗಳು

---

ಮಾರ್ಚ್ ೧೩

ಗುಬ್ಬಿಗೆ,

ಆ ಹೆಸರನ್ನು ಬಿಡಬೇಡ. ಅದು ನಾನೂ ನಿನ್ನಮ್ಮನೂ ಬದುಕಿನಲ್ಲಿ ಕೇಳಿದ ಅತಿ ಒಳ್ಳೆಯ ಸದ್ದು.

ಹೋದ ಪತ್ರದಲ್ಲಿ ಯಾಕೆಂದರೆ ಎಂದು ಬರೆದು ನಿಲ್ಲಿಸಿದ್ದೆನಲ್ಲ, ಆ ಕ್ಷಣದಲ್ಲಿ ನನಗೆ ತಿಳಿಯಿತು. ಅದಕ್ಕೆ ಮೊದಲು ಒಮ್ಮೆಯೂ ಹೊಳೆದಿರಲಿಲ್ಲ. ನಿನ್ನನ್ನು ಉಳಿಸಿದ ವಸ್ತು ಅದು, ಅದರ ಮೇಲೆ ಅನುಮಾನ ಪಡಲು ಮನಸ್ಸೇ ಹೋಗಿರಲಿಲ್ಲ. ನೀನು ಹೋಗಬಾರದೆಂದು ಹಾಗೆ ಬರೆದೆ, ನಿನಗೆ ತಿಳಿಯುವುದು ಬೇಡವಾಗಿತ್ತು.

ಒಂದು ವಿಷಯವನ್ನು ಮಾಮ ನಿನಗೆ ಹೇಳಿಲ್ಲ. ನನ್ನ ಮುಖ ಉಳಿಸಲು ಬಿಟ್ಟಿರಬೇಕು. ನೀನು ಚೇತರಿಸಿಕೊಂಡ ಮೇಲೆ ಅವನು ಬಂದು ಕೇಳಿದ, "ಬಿಚ್ಚಿಬಿಡ್ಲಾ ಡಾಕ್ಟ್ರೇ?" ನಾನು ಹೇಳಿದೆ, "ಇರ್ಲಿ, ಇನ್ನೊಂದು ಮಗು ಬಂದ್ರೆ ಬೇಕಾಗತ್ತೆ." ಅವನು ಬೇಡವೆನ್ನುವ ಹಾಗೆ ತಲೆ ಕೆರೆದುಕೊಂಡ. ನಾನು ಸಂತೋಷದಲ್ಲಿದ್ದೆ, ಗಮನಿಸಲಿಲ್ಲ. ಇರಲಿ ಎಂದ ನನ್ನ ಒಂದು ಮಾತಿನಿಂದ ಅದು ಆ ಸಿಲಿಂಡರಿನ ಬಾಯಲ್ಲೇ ಉಳಿಯಿತು, ಸಿಲಿಂಡರ್ ಥಿಯೇಟರಿನ ಸ್ಟೋರಿನಲ್ಲೇ ಉಳಿದು ಉಳಿದವುಗಳ ಹಾಗೆ ಅಂಗಿ ತೊಟ್ಟಿತು. ಜೋಡಣೆ ಮಾಡಿಸಿದ್ದಕ್ಕೆ ನಾನು ಯಾವತ್ತೂ ಪಶ್ಚಾತ್ತಾಪ ಪಡುವುದಿಲ್ಲ, ನೂರು ಸಲ ಮಾಡಿಸುತ್ತೇನೆ. ಬಿಚ್ಚಿಸದೆ ಇದ್ದದ್ದು ನನ್ನದು. ಅದರಲ್ಲಿ ನಿನ್ನ ಪಾಲು ಸಾಸಿವೆಯಷ್ಟೂ ಇಲ್ಲ.

ಆಕೆಯ ಗಂಡನಿಗೆ ಬರೆಯಬೇಕೆಂದಿದ್ದೇನೆ. ವಿಚಾರಣೆಯ ಕಾಗದಗಳಲ್ಲಿ ವಿಳಾಸವಿದೆ.

ಅಪ್ಪ

---

ಮಾರ್ಚ್ ೧೮

ಅಪ್ಪಾ,

ಬರೆಯಬೇಡ. ಕೈ ಮುಗಿಯುತ್ತೇನೆ.

ಅವರು ಹೇಗೋ ಸಮಾಧಾನ ಮಾಡಿಕೊಂಡಿರುತ್ತಾರೆ. ಒಬ್ಬ ಡಾಕ್ಟರ್ ತಪ್ಪು ಮಾಡಿದ, ಅವನಿಗೆ ಶಿಕ್ಷೆಯಾಯಿತು, ಅಲ್ಲಿಗೆ ಮುಗಿಯಿತು ಎಂದು. ಈಗ ನೀನು ಹೋಗಿ, ಅಲ್ಲ, ನನ್ನ ಮಗಳಿಗೆ ಮಾಡಿಸಿದ್ದು ನಿಮ್ಮ ಹೆಂಡತಿಯ ಜೀವ ತೆಗೆಯಿತು ಎಂದರೆ ಏನಾದೀತು? ಅವರು ಮತ್ತೆ ಪೊಲೀಸ್, ಕೋರ್ಟು ಎಂದರೆ? ನಿನಗೂ ವಯಸ್ಸಾಗುತ್ತಿದೆ. ಹೋದ ತಿಂಗಳು ರುಜುವಾತು ಮಾಡಿಯೇ ತೀರುತ್ತೇನೆ ಎಂದವಳು ಈಗ ಹೀಗೆ ಬರೆಯುತ್ತಿದ್ದೇನೆ ಎಂದು ಗೊತ್ತು. ನನಗೆ ಧೈರ್ಯವಿಲ್ಲ, ಪುಕ್ಕಲಿ ನಾನೇ.

ಗುಬ್ಬಿ

---

ಮಾರ್ಚ್ ೨೭

ಗುಬ್ಬೀ,

ಅಮ್ಮ ಬರೆಯುತ್ತಿರುವುದು. ನಿಮ್ಮಿಬ್ಬರ ಪತ್ರಗಳನ್ನು ಓದಿ ಓದಿ ನಾನೂ ಅರ್ಧ ಡಾಕ್ಟರಾಗಿದ್ದೇನೆ, ಹಾಗಾಗಿ ನನ್ನ ಅಭಿಪ್ರಾಯವನ್ನೂ ಕೇಳು.

ನಿನ್ನೆ ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ನಾನು ಕೈಗೆ ಹಿಟ್ಟು ಮೆತ್ತಿಕೊಂಡಿದ್ದೆ. ಇವರು ಎದ್ದು ಹೋಗಿ ಎತ್ತಿದರು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ನೋಡಿದೆ. ರಾಂಗ್ ನಂಬರ್. ಆದರೂ ಎರಡು ನಿಮಿಷ ಮಾತಾಡಿದರು.

ಪತ್ರ ಬರೆದು ಮುಗಿಸಿ ಮೇಜಿನ ಮೇಲೆ ಇಟ್ಟಿದ್ದಾರೆ, ನಿನ್ನ ಒಪ್ಪಿಗೆಗೆ ಕಾಯುತ್ತಿದ್ದಾರೆ. ಹೂಂ ಅನ್ನು. ಅವರಿಗೆ ಏನಾದರೂ ಆದರೆ ನಾನಿದ್ದೇನೆ.

ಅಮ್ಮ

---

ಏಪ್ರಿಲ್ ೬

ಮಾನ್ಯರೇ,

ಇಪ್ಪತ್ತೆರಡು ವರ್ಷದ ಹಿಂದೆ ನಿಮ್ಮ ಪತ್ನಿಗೆ ಅರಿವಳಿಕೆ ಕೊಟ್ಟವನು ನಾನು. ಈ ಪತ್ರವನ್ನು ಹರಿದು ಹಾಕುವ ಹಕ್ಕು ನಿಮಗಿದೆ. ಹರಿಯುವ ಮೊದಲು ಒಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ಅವರು ಹೇಗೆ ತೀರಿಕೊಂಡರು ಎಂದು ವಿಚಾರಣೆಯಲ್ಲಿ ನಿಮಗೆ ಹೇಳಿದ್ದು ನಿಜವಲ್ಲ. ನನಗೂ ಈಚೆಗೆ ತಿಳಿಯಿತು. ಅವರ ಹೊಟ್ಟೆಗೆ ತುಂಬಬೇಕಾಗಿದ್ದ ಅನಿಲದ ಬದಲು ಹೀಲಿಯಂ ಎಂಬ ಬೇರೊಂದು ಅನಿಲವನ್ನು ತುಂಬಲಾಯಿತು. ಸರಿಯಾದ ಅನಿಲ ರಕ್ತದಲ್ಲಿ ಕರಗಿ ಉಸಿರಿನಲ್ಲಿ ಹೊರಟುಹೋಗುತ್ತದೆ. ಇದು ಕರಗಲಿಲ್ಲ. ಗುಳ್ಳೆಯೊಂದು ಹೃದಯಕ್ಕೆ ಹೋಗಿ ರಕ್ತದ ದಾರಿ ಕಟ್ಟಿತು. ಅವರು ನಿದ್ದೆಯಲ್ಲಿದ್ದರು, ಅವರಿಗೆ ಏನೂ ತಿಳಿಯಲಿಲ್ಲ, ನೋಯಲಿಲ್ಲ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ, ನಿಜವಾದ್ದರಿಂದ ಹೇಳುತ್ತಿದ್ದೇನೆ.

ಆ ತಪ್ಪು ಸಿಲಿಂಡರ್ ಜೋಡಿಸಲು ಸಾಧ್ಯವಾದದ್ದು ನನ್ನಿಂದ. ಅದಕ್ಕೆ ಆರು ತಿಂಗಳ ಮುಂಚೆ, ಉಸಿರುಗಟ್ಟುತ್ತಿದ್ದ ನನ್ನ ಮಗಳಿಗಾಗಿ, ಯಾರ ಅನುಮತಿಯನ್ನೂ ಪಡೆಯದೆ ಒಂದು ಜೋಡಣೆ ಮಾಡಿಸಿದ್ದೆ. ಅವಳು ಉಳಿದಳು. ಅದನ್ನು ಬಿಚ್ಚಿಸುವುದನ್ನು ನಾನು ಬಿಟ್ಟೆ. ಮಾಡಿಕೊಟ್ಟವನ ಮೇಲಾಗಲಿ, ಸಿಲಿಂಡರ್ ತಂದವನ ಮೇಲಾಗಲಿ ಹೊರೆ ಹಾಕಲಾರೆ. ಉಸಿರಿನ ಗೆರೆ ಮೂವತ್ತೈದು ನಿಮಿಷ ಏರದೆ ನಿಂತಿತ್ತು, ಅದು ನನ್ನ ಕಣ್ಣ ಮುಂದೆಯೇ ಇತ್ತು, ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿದೆ.

ಇದನ್ನು ಕಂಡುಹಿಡಿದವಳು ಅದೇ ಮಗಳು. ಈಗ ನನ್ನ ಕೆಲಸವನ್ನೇ ಮಾಡುತ್ತಾಳೆ. ಈ ಪತ್ರ ಕಳಿಸಲು ಅವಳೂ ಹೂಂ ಎಂದಿದ್ದಾಳೆ.

ನೀವು ಏನು ಕ್ರಮ ಕೈಗೊಂಡರೂ ನಾನು ಒಪ್ಪುತ್ತೇನೆ. ಚಾರ್ಟಿನ ಪ್ರತಿಯನ್ನು, ಅವಳು ಬರೆದ ಟಿಪ್ಪಣಿಯನ್ನು ಜೊತೆಗಿಟ್ಟಿದ್ದೇನೆ.

ಇಂತಿ,
ಹಿಂದೆ ಅರಿವಳಿಕೆ ವೈದ್ಯನಾಗಿದ್ದವನು

---

ಮೇ ೨೯

ಡಾಕ್ಟರೇ,

ನಿಮ್ಮ ಪತ್ರ ಬಂದು ಏಳು ವಾರವಾಯಿತು. ಉತ್ತರ ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಜೀವಮಾನವೆಲ್ಲ ಅಕ್ಷರ ಬರೆದವನು ನಾನು, ಆದರೆ ಬೇರೆಯವರು ಹೇಳಿದ್ದನ್ನು ಬರೆದು ಅಭ್ಯಾಸ.

ಮೊದಲ ವಾರ ಸಿಟ್ಟಿತ್ತು. ನಿಮ್ಮ ಮಗಳು ಇದ್ದಾಳೆ, ನನ್ನವಳಿಲ್ಲ ಎಂದು. ಅದು ಈಗಲೂ ಪೂರ್ತಿ ಹೋಗಿಲ್ಲ, ಹೋಯಿತೆಂದು ಸುಳ್ಳು ಹೇಳುವುದಿಲ್ಲ. ಕ್ಷಮಿಸುವ ಮಾತು ನನಗೆ ಬರುವುದಿಲ್ಲ. ಪೊಲೀಸ್ ಕೋರ್ಟು ಎಂದೂ ಹೋಗುವುದಿಲ್ಲ. ನಾನು ಬರೆಯುತ್ತಿರುವುದು ಬೇರೆಯೇ ಕಾರಣಕ್ಕೆ.

ಆಪರೇಷನ್‌ಗೆ ಮುಂಚೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ನೀವು ಹಿಂದಿನ ದಿನ ಬಂದು ಹೇಳಿ ಹೋಗಿದ್ದಿರಿ. ಬೆಳಗ್ಗೆ ಅವಳಿಗೆ ಬಾಯಿ ಒಣಗಿ ಹೋಗಿತ್ತು. ಹೆದರಿಕೆಗೆ. ಎರಡೇ ಗುಟುಕು ಕೊಡಿ ಎಂದು ಕೇಳಿದಳು. ನಾನು ಬೇಡವೆಂದೆ. ಮತ್ತೆ ಕೇಳಿದಳು. ನರ್ಸ್ ಆಚೆ ಹೋದಾಗ ಲೋಟದಲ್ಲಿ ನೀರು ತಂದು ಕೊಟ್ಟೆ. ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಡಾಕ್ಟರು ಕೇಳಿದರೆ ಇಲ್ಲ ಅನ್ನು ಎಂದು ನಾನೇ ಹೇಳಿಕೊಟ್ಟೆ. ನೀವು ಬಂದು ಕೇಳಿದಿರಿ. ಇಲ್ಲ ಎಂದಳು.

ವಿಚಾರಣೆಯಲ್ಲಿ ನನ್ನನ್ನೂ ಕೇಳಿದರು, ಏನಾದರೂ ಕೊಟ್ಟಿದ್ದಿರಾ ಎಂದು. ನೀವು ನನ್ನ ಎದುರಿಗೇ ಕೂತಿದ್ದಿರಿ, ತಲೆ ತಗ್ಗಿಸಿಕೊಂಡು. ಇಲ್ಲ ಎಂದೆ. ಕೊಳವೆ ಜಾರಿತು ಎಂದು ಅವರು ಹೇಳಿದಾಗ ನನಗೆ ಅನಿಸಿದ್ದು ಒಂದೇ. ನೀರು ಮೇಲಕ್ಕೆ ಬಂದು ಕೊಳವೆ ಜಾರಿದೆ, ನಾನು ಕೊಟ್ಟ ನೀರು. ನನ್ನ ತಪ್ಪಿಗೆ ಈ ಡಾಕ್ಟರಿಗೆ ಶಿಕ್ಷೆಯಾಗುತ್ತಿದೆ ಎಂದು ಗೊತ್ತಿದ್ದೂ ಸುಮ್ಮನೆ ಕೂತೆ.

ಅವತ್ತಿನಿಂದ ನಾನು ಯಾರ ಕೈಗೂ ನೀರಿನ ಲೋಟ ಕೊಟ್ಟಿಲ್ಲ. ಮನೆಗೆ ಬಂದವರಿಗೆ ನನ್ನ ಮಗನೇ ತಂದುಕೊಡುತ್ತಾನೆ. ಅಪ್ಪನಿಗೆ ಸೋಮಾರಿತನ ಎಂದು ಅವನು ಎಲ್ಲರ ಮುಂದೆ ಗೇಲಿ ಮಾಡುತ್ತಾನೆ. ಅವನಿಗೂ ಹೇಳಿಲ್ಲ.

ನಿಮ್ಮ ಪತ್ರದಲ್ಲಿ ಅನಿಲದ ವಿಷಯವೆಲ್ಲ ಇದೆ. ನೀರಿನ ವಿಷಯ ಇಲ್ಲ. ನಿಮಗೆ ಗೊತ್ತಿರಲಿಲ್ಲವಲ್ಲ, ಹೇಗೆ ಬರೆಯುತ್ತೀರಿ. ಈಗ ಗೊತ್ತಾಯಿತು. ಆದ್ದರಿಂದ ಕೇಳುತ್ತಿದ್ದೇನೆ, ನಿಮ್ಮ ಮಗಳನ್ನೂ ಕೇಳಿ, ಪುಸ್ತಕ ನೋಡಿ, ಖಾತ್ರಿ ಮಾಡಿಕೊಂಡು ಒಂದೇ ಒಂದು ಸಾಲು ಬರೆದು ಕಳಿಸಿ. ಸುಳ್ಳಾದರೆ ಬೇಡ. ದೊಡ್ಡ ಅಕ್ಷರದಲ್ಲಿ ಬರೆಯಿರಿ, ನನಗೀಗ ಕಣ್ಣು ಮಂದ.

ಇಂತಿ,
ಬೋರ್ಡ್ ಬರೆಯುವವನು

---

ಜೂನ್ ೫

ನಿಮ್ಮ ಪತ್ನಿ ನೀರಿನಿಂದ ತೀರಿಕೊಳ್ಳಲಿಲ್ಲ.

ಅರಿವಳಿಕೆ ವೈದ್ಯ
ಅರಿವಳಿಕೆ ವೈದ್ಯೆ, ಅವರ ಮಗಳು